ಶಿಯರ್ ಬ್ಯಾಂಡಿಂಗ್: ಇತಿಹಾಸ

ಎರಡು ಗೋಡೆಗಳ ನಡುವಿನ ದ್ರವವನ್ನು ಒಂದು ಗೋಡೆ ಸರಿಸಿ ಹರಿಸಿದಾಗ, ಅದು ಎಲ್ಲೆಡೆ ಒಂದೇ ರೀತಿ ಹರಿಯದೆ ವೇಗದ ಪಟ್ಟಿ, ನಿಧಾನದ ಪಟ್ಟಿ ಎಂದು ಒಡೆದುಕೊಳ್ಳುವುದೇ ಶಿಯರ್ ಬ್ಯಾಂಡಿಂಗ್. ಟೂತ್‌ಪೇಸ್ಟ್, ಪೇಂಟ್, ಜೇಡಿಮಣ್ಣಿನ ಕೆಸರು ಮುಂತಾದವು ಒಂದು ಮಿತಿಯ ಒತ್ತಡ ಮೀರುವವರೆಗೆ ಜಗ್ಗುವುದಿಲ್ಲ. ಆ ಮಿತಿಗೆ ಯೀಲ್ಡ್ ಸ್ಟ್ರೆಸ್ ಎಂದು ಹೆಸರು. ಇವುಗಳಲ್ಲಿ ನಿಧಾನದ ಪಟ್ಟಿ ಪೂರ್ತಿ ನಿಂತೇಬಿಡಬಹುದು. ಒತ್ತಡವೇ ಜಾಗದಿಂದ ಜಾಗಕ್ಕೆ ಬದಲಾಗುವ ಕಡೆ ಒಂದು ಭಾಗ ನಿಲ್ಲುವುದು ಸಹಜ. ಒತ್ತಡ ಎಲ್ಲೆಡೆ ಸಮನಾಗಿದ್ದರೂ ದ್ರವ ಇಬ್ಭಾಗವಾಗುವುದೇ ಇಲ್ಲಿನ ನಿಜವಾದ ಒಗಟು.

1916ರಲ್ಲಿ ಅಮೆರಿಕದ ಯೂಜೀನ್ ಬಿಂಗಮ್ ಯೀಲ್ಡ್ ಸ್ಟ್ರೆಸ್ ಇರುವ ದ್ರವಗಳ ಹರಿವಿಗೆ ನಿಯಮ ಕೊಟ್ಟರು. 1919ರಲ್ಲಿ ಹೆನ್ರಿ ಗ್ರೀನ್ ಜೊತೆಗೂಡಿ ಪೇಂಟ್ ಆ ಗುಂಪಿಗೆ ಸೇರಿದ್ದೆಂದು ತೋರಿಸಿದರು. 1926ರಲ್ಲಿ ಹರ್ಷೆಲ್ ಮತ್ತು ಬಲ್ಕ್ಲಿ ಸೂತ್ರವನ್ನು ವಿಸ್ತರಿಸಿದರು. ಆದರೆ ಒಂದರೊಳಗೊಂದು ಇರುವ ಉರುಳೆಗಳ ಮಾಪಕದಲ್ಲಿ ಸಿಗುತ್ತಿದ್ದದ್ದು ತಿರುಚುಬಲ ಮತ್ತು ತಿರುಗುವ ವೇಗ ಮಾತ್ರ. ನಡುವಿನ ಕಿರಿದಾದ ಸಂದಿಯಲ್ಲಿ ದ್ರವ ಏಕರೂಪವಾಗಿ ಹರಿಯುತ್ತಿದೆ ಎಂದು ಎಲ್ಲರೂ ನಂಬಿ ಲೆಕ್ಕ ಹಾಕುತ್ತಿದ್ದರು. ಈ ನಂಬಿಕೆ ಬಹುಕಾಲ ಉಳಿಯಿತು.

ಅದು ಮೊದಲು ಅಲುಗಿದ್ದು ಸಾಬೂನಿನಂಥ ಅಣುಗಳು ಎರೆಹುಳುವಿನಂತೆ ಉದ್ದಕ್ಕೆ ಹೆಣೆದುಕೊಂಡ ದ್ರಾವಣಗಳಲ್ಲಿ. ವೇಗ ಹೆಚ್ಚಿಸುತ್ತ ಹೋದರೂ ಅವುಗಳ ಒತ್ತಡ ಒಂದೇ ಮಟ್ಟದಲ್ಲಿ ನಿಲ್ಲುತ್ತಿತ್ತು. ದ್ರವ ಪಟ್ಟಿಗಳಾಗಿ ಒಡೆಯುವುದೇ ಇದಕ್ಕೆ ಕಾರಣವೆಂದು ಸ್ಪೆನ್ಲಿ, ಕೇಟ್ಸ್ ಮತ್ತು ಮೆಕ್‌ಲೀಶ್ 1993ರಲ್ಲಿ ಸೂಚಿಸಿದರು. 1997ರಲ್ಲಿ ನ್ಯೂಜಿಲೆಂಡಿನ ಬ್ರಿಟನ್ ಮತ್ತು ಪಾಲ್ ಕ್ಯಾಲಹನ್ ಕಾಂತೀಯ ಅನುರಣನದಿಂದ ಸಂದಿಯೊಳಗಿನ ವೇಗವನ್ನೇ ಚಿತ್ರಿಸಿ ಪಟ್ಟಿಗಳನ್ನು ಕಾಣಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಂಜಿನಿ ಬಂದ್ಯೋಪಾಧ್ಯಾಯ, ಗೀತಾ ಬಸಪ್ಪ ಮತ್ತು ಎ.ಕೆ. ಸೂದ್ 2000ದಲ್ಲಿ ಇನ್ನೊಂದು ಮುಖ ಹೊರಗೆಡಹಿದರು: ಹರಿಸುವ ವೇಗ ಸ್ಥಿರವಾಗಿದ್ದರೂ ಇಂಥ ದ್ರಾವಣದ ಒತ್ತಡ ಗೊತ್ತುಗುರಿಯಿಲ್ಲದೆ ಏರಿಳಿಯುತ್ತದೆ.

ಯೀಲ್ಡ್ ಸ್ಟ್ರೆಸ್ ದ್ರವಗಳ ಸರದಿ ಬಂದದ್ದೂ ಇದೇ ಅವಧಿಯಲ್ಲಿ. ಗ್ರೆನೋಬಲ್‌ನ ಪಿನ್ಯೋಂ, ಮಾನ್ಯಾಂ ಮತ್ತು ಪಿಯೋ 1996ರಲ್ಲಿ ಲ್ಯಾಪೊನೈಟ್ ಜೇಡಿಯಲ್ಲಿ ಹರಿವು ಒಂದು ತೆಳು ಪದರಕ್ಕೆ ಸೀಮಿತವಾಗುವುದನ್ನು ಕಂಡರು. 2002ರಲ್ಲಿ ಫಿಲಿಪ್ ಕೂಸೊ ಮತ್ತು ಸಂಗಡಿಗರು ನಿಂತ ಭಾಗವೂ ಹರಿಯುವ ಭಾಗವೂ ಅಕ್ಕಪಕ್ಕದಲ್ಲೇ ಇರುವುದನ್ನು ಎಂಆರ್‌ಐ ಚಿತ್ರಗಳಲ್ಲಿ ತೋರಿಸಿದರು. ಈ ದ್ರವಗಳಿಗೆ ಒಂದು ನಿರ್ಣಾಯಕ ಶಿಯರ್ ದರ, ಅಂದರೆ ಸಂದಿಯ ಅಡ್ಡಕ್ಕೆ ವೇಗ ಬದಲಾಗುವ ದರ, ಇದೆ. ಅದಕ್ಕಿಂತ ನಿಧಾನವಾಗಿ ಅವು ಸ್ಥಿರವಾಗಿ ಹರಿಯಲಾರವು. ಆ ದರ ಸೆಕೆಂಡಿಗೆ 40 ಇದ್ದು ನಾವು ಸರಾಸರಿ 20ರಲ್ಲಿ ಹರಿಸಿದರೆ, ಸಂದಿಯ ಅರ್ಧಭಾಗ 40ರಲ್ಲಿ ಹರಿಯುತ್ತದೆ, ಉಳಿದರ್ಧ ನಿಲ್ಲುತ್ತದೆ. ಮಾಪಕ ಮಾತ್ರ 20 ಎಂದೇ ಹೇಳುತ್ತದೆ. ಒಳಗೆ ಇಣುಕಿ ನೋಡುವ ಉಪಕರಣಗಳು ಬಂದ ಮೇಲೆಯೇ ಹಳೆಯ ಎಷ್ಟೋ ಅಳತೆಗಳನ್ನು ಮರುವಿಮರ್ಶೆಗೆ ಒಡ್ಡಬೇಕಾಯಿತು.

ಹೀಗೆ ಇಬ್ಭಾಗವಾಗಲು ಕಾರಣ ಇರುವುದು ದ್ರವದ ಒಳರಚನೆಯಲ್ಲಿ. ಜೇಡಿಯ ಕಣಗಳು ನಿಂತಾಗ ಒಂದನ್ನೊಂದು ಹಿಡಿದು ಗಟ್ಟಿಯಾಗುತ್ತವೆ, ಹರಿದಾಗ ಬಿಡಿಬಿಡಿಯಾಗುತ್ತವೆ. ಹಾಗಾಗಿ ನಿಂತದ್ದು ಇನ್ನಷ್ಟು ಬಿಗಿಯಾಗುತ್ತದೆ, ಹರಿದದ್ದು ಇನ್ನಷ್ಟು ತೆಳುವಾಗುತ್ತದೆ. ಬೆಂಟೊನೈಟ್ ಜೇಡಿಯ ಕೆಸರನ್ನು ಹಲಗೆಯ ಮೇಲೆ ಬಿಟ್ಟು ಓರೆ ಮಾಡಿದರೆ, ಒಂದು ಹಂತದವರೆಗೆ ಅಲುಗದೆ ಕೂತದ್ದು ಹಠಾತ್ತನೆ ಜಾರಿ ಬಹುದೂರ ಓಡುತ್ತದೆ. ನಾರ್ವೆಯ ರಿಸ್ಸಾದಲ್ಲಿ 1978ರ ಏಪ್ರಿಲ್ 29ರಂದು ಹೊಲ ಮನೆಗಳನ್ನು ಕೊಚ್ಚಿಕೊಂಡು ಹೋದ ಕ್ವಿಕ್ ಕ್ಲೇ (ಕದಲಿದರೆ ದ್ರವದಂತಾಗುವ ಜೇಡಿ) ಭೂಕುಸಿತವನ್ನು ಅರಿಯಲು ಈ ಬಗೆಯ ಪ್ರಯೋಗಗಳು ನೆರವಾಗಿವೆ.

ಕಣಗಳ ನಡುವೆ ಇಂಥ ಹಿಡಿತವಿಲ್ಲದ ಎಮಲ್ಷನ್, ಜೆಲ್‌ಗಳನ್ನು 2009ರ ಹೊತ್ತಿಗೆ ‘ಸರಳ’ ಗುಂಪಾಗಿ ಬೇರ್ಪಡಿಸಿ, ಅವುಗಳಲ್ಲಿ ಪಟ್ಟಿಗಳೇ ಇರುವುದಿಲ್ಲ ಎಂದು ಭಾವಿಸಲಾಗಿತ್ತು. ಮರುವರ್ಷವೇ ಲಿಯಾನ್‌ನ ದಿವೂ, ಮಾನ್‌ವಿಲ್ ತಂಡ ಕಾರ್ಬೊಪಾಲ್ ಜೆಲ್‌ನಲ್ಲಿ ಅಲ್ಟ್ರಾಸೌಂಡ್ ಬಳಸಿ ಪಟ್ಟಿಗಳನ್ನು ಕಂಡಿತು. ಅವು ಗಂಟೆಗಟ್ಟಲೆ ಉಳಿದು ಕೊನೆಗೆ ಕರಗುತ್ತಿದ್ದವು. ಹರಿವು ಶುರುವಾದಾಗ ಒತ್ತಡ ಶಿಖರ ಮುಟ್ಟಿ ಇಳಿಯುವ ಗಳಿಗೆಯೇ ಇಂಥ ತಾತ್ಕಾಲಿಕ ಪಟ್ಟಿಗಳಿಗೆ ದಾರಿ ಮಾಡಿಕೊಡುತ್ತದೆ ಎಂದು ಮೂರ್‌ಕ್ರಾಫ್ಟ್ ಮತ್ತು ಸುಝಾನ್ ಫೀಲ್ಡಿಂಗ್ 2013ರಲ್ಲಿ ಗಣಿತದಿಂದ ತೋರಿಸಿದರು.