ಅಂಚಿನಲ್ಲಿ ಕಳೆದುಹೋಗುವ ಚಿತ್ರ

1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೂರದರ್ಶನಕ್ಕೆ ಬಣ್ಣ ಬಂತು. ಆಗಿನ ಟಿವಿಯಲ್ಲಿದ್ದದ್ದು ಗಾಜಿನ ಪಿಕ್ಚರ್ ಟ್ಯೂಬ್. ಎಲೆಕ್ಟ್ರಾನ್ ಕಿರಣಗಳು ಗೆರೆಗೆರೆಯಾಗಿ ಓಡಿ ಚಿತ್ರ ಮೂಡಿಸುತ್ತಿದ್ದವು. ವೋಲ್ಟೇಜ್ ಇಳಿದರೆ ಚಿತ್ರ ಕುಗ್ಗಿ ಸುತ್ತ ಕಪ್ಪು ಅಂಚು ಕಾಣುತ್ತಿತ್ತು. ಟಿವಿ ಪಕ್ಕ ಸ್ಟೆಬಿಲೈಸರ್ ಇಟ್ಟುಕೊಂಡಿದ್ದ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಯಾರಕರು ಕಂಡುಕೊಂಡ ಉಪಾಯ ಸರಳ: ಚಿತ್ರವನ್ನು ಪರದೆಗಿಂತ ತುಸು ದೊಡ್ಡದು ಮಾಡಿ, ಅಂಚನ್ನು ಚೌಕಟ್ಟಿನ ಹಿಂದೆ ಅಡಗಿಸುವುದು. ಇದೇ ಓವರ್‌ಸ್ಕ್ಯಾನ್. ಪ್ರಸಾರಕರೂ ಇದಕ್ಕೆ ಹೊಂದಿಕೊಂಡು ಅಕ್ಷರಗಳನ್ನು ಅಂಚಿನಿಂದ ದೂರವಿಟ್ಟರು.

ಈಗಿನ ಫ್ಲ್ಯಾಟ್ ಟಿವಿಯಲ್ಲಿ ಕುಗ್ಗುವ ಚಿತ್ರವೇ ಇಲ್ಲ. ಫುಲ್ ಎಚ್‌ಡಿ ಪರದೆಯಲ್ಲಿ 1080 ಸಾಲು, ಸಾಲಿಗೆ 1920 ಚುಕ್ಕೆ. 1080ರ ಸಂಕೇತದಲ್ಲೂ ಅಷ್ಟೇ. ಚುಕ್ಕೆಗೆ ಚುಕ್ಕೆ ಕೂರಬೇಕು. ಆದರೂ ಎಷ್ಟೋ ಟಿವಿಗಳು ಹಳೇ ಚಾಳಿ ಬಿಟ್ಟಿಲ್ಲ. ನಾಲ್ಕೂ ಕಡೆ ಶೇ. 2.5 ಕತ್ತರಿಸಿದರೆ ಹತ್ತಿರ ಹತ್ತಿರ ಶೇ. 10ರಷ್ಟು ಚಿತ್ರ ಹೋಯಿತು. ದೊಡ್ಡ ನಷ್ಟ ಉಳಿದದ್ದರಲ್ಲಿದೆ: ಅದನ್ನು ಪರದೆ ತುಂಬ ಹಿಗ್ಗಿಸುವಾಗ ಸಣ್ಣ ಅಕ್ಷರ, ಸೀರೆಯಂಚಿನ ಕುಸುರಿ ಎಲ್ಲ ಮಸುಕಾಗುತ್ತವೆ. ದುಬಾರಿ ಎಚ್‌ಡಿಎಂಐ ಕೇಬಲ್ ತಂದರೂ (ಅಂಗಡಿಯವರು ಏನೇ ಹೇಳಲಿ) ಇದು ಸರಿಹೋಗದು.

ಮದ್ದು ಟಿವಿಯ ಪಿಕ್ಚರ್ ಸೆಟ್ಟಿಂಗ್ಸ್‌ನಲ್ಲೇ ಇದೆ, ಕಂಪನಿಗೊಂದು ಹೆಸರಿನಲ್ಲಿ: ಜಸ್ಟ್ ಸ್ಕ್ಯಾನ್, ಸ್ಕ್ರೀನ್ ಫಿಟ್, ಫುಲ್ ಪಿಕ್ಸೆಲ್. ಅದನ್ನು ಆರಿಸಿದ ಮೇಲೆ ಕೆಲವು ಹಳೇ ಮಾದರಿಯ ಪ್ರಸಾರಗಳಲ್ಲಿ ಚಿತ್ರದ ನೆತ್ತಿಯ ಮೇಲೆ ಬಿಳಿ ಚುಕ್ಕೆಗಳ ಗೆರೆ ಮಿನುಗಬಹುದು. ಅದು ಟಿವಿಯ ದೋಷವಲ್ಲ; ಯಾರಿಗೂ ಕಾಣದೆಂಬ ಧೈರ್ಯದಲ್ಲಿ ಚಿತ್ರದ ಜೊತೆ ಕಳಿಸುತ್ತಿದ್ದ ಸಂಕೇತ.