ನಾಲ್ಕು ಸಹಿಗಳ ಒಂದು ಪತ್ರ

ಸಿನಿಮಾದಲ್ಲಿ ಬರುವ ಮಹಾಬುದ್ಧಿವಂತರಲ್ಲಿ ನಿಮಗೆ ಯಾರು ಇಷ್ಟ ಎಂದು ಯಾರಾದರೂ ಕೇಳಿದರೆ ನಾನು ತಡಮಾಡದೆ ಹೇಳುವ ಹೆಸರು ‘ದಿ ಇಮಿಟೇಶನ್ ಗೇಮ್’ ಚಿತ್ರದ ಅಲನ್ ಟ್ಯೂರಿಂಗ್. 2014ರಲ್ಲಿ ತೆರೆಕಂಡ ಆ ಚಿತ್ರವನ್ನು ನಾನು ಮೂರು ಸಲ ನೋಡಿದ್ದೇನೆ, ಮೂರು ಸಲವೂ ಕೊನೆಯಲ್ಲಿ ಕಣ್ಣೊರೆಸಿಕೊಂಡಿದ್ದೇನೆ. ಹಾಗಿದ್ದೂ ಅದರ ಜೊತೆ ನನ್ನದೊಂದು ಜಗಳ ಉಳಿದುಬಿಟ್ಟಿದೆ. ಆ ಜಗಳ ಒಂದು ಪತ್ರದ ಬಗ್ಗೆ.

ಚಿತ್ರದಲ್ಲಿ ಆ ಪತ್ರದ ಕತೆ ಹೀಗಿದೆ. ಎರಡನೇ ಮಹಾಯುದ್ಧದ ಕಾಲ. ಬ್ಲೆಚ್ಲಿ ಪಾರ್ಕ್ ಎಂಬ ಬಂಗಲೆಯಲ್ಲಿ ಜರ್ಮನ್ನರ ಎನಿಗ್ಮಾ ಯಂತ್ರದ ಗುಪ್ತಸಂದೇಶಗಳನ್ನು ಒಡೆಯುವ ಕೆಲಸ ನಡೆದಿದೆ. ಮೇಲಧಿಕಾರಿ ಡೆನಿಸ್ಟನ್ ಟ್ಯೂರಿಂಗನ ಯಂತ್ರಕ್ಕೆ ಹಣ ಕೊಡಲು ಒಪ್ಪುವುದಿಲ್ಲ. ‘ನಿಮ್ಮ ಮೇಲೆ ಯಾರಿದ್ದಾರೆ?’ ಎನ್ನುತ್ತಾನೆ ಟ್ಯೂರಿಂಗ್. ಪ್ರಧಾನಿ ಚರ್ಚಿಲ್ ಎಂದು ಗೊತ್ತಾದ ಮೇಲೆ ನೇರ ಅವರಿಗೇ ಒಬ್ಬನೇ ಪತ್ರ ಬರೆದು ಕಳಿಸುತ್ತಾನೆ. ಚರ್ಚಿಲ್ ಅವನನ್ನೇ ತಂಡದ ಮುಖ್ಯಸ್ಥನನ್ನಾಗಿ ಮಾಡುತ್ತಾರೆ. ಅಧಿಕಾರ ಸಿಕ್ಕ ಕೂಡಲೇ ಅವನು ಮಾಡುವ ಮೊದಲ ಕೆಲಸ ಇಬ್ಬರನ್ನು ಮನೆಗೆ ಕಳಿಸುವುದು. ಚಿತ್ರಮಂದಿರದಲ್ಲಿ ಜನ ನಗುತ್ತಾರೆ. ನಾನೂ ನಕ್ಕಿದ್ದೆ.

ಚರ್ಚಿಲ್ಲರಿಗೆ ಅಂಥದೊಂದು ಪತ್ರ ಹೋದದ್ದು ನಿಜ. ಅದರ ಮೇಲಿನ ತಾರೀಕು 1941ರ ಅಕ್ಟೋಬರ್ 21. ಕೆಳಗೆ ಸಹಿ ಹಾಕಿದವರು ನಾಲ್ವರು: ಟ್ಯೂರಿಂಗ್, ಗಾರ್ಡನ್ ವೆಲ್ಚ್‌ಮನ್, ಹ್ಯೂ ಅಲೆಕ್ಸಾಂಡರ್, ಸ್ಟುವರ್ಟ್ ಮಿಲ್ನರ್-ಬ್ಯಾರಿ. ಕೊನೆಯ ಇಬ್ಬರು ಹೆಸರಾಂತ ಚೆಸ್ ಆಟಗಾರರು, 1939ರಲ್ಲಿ ಯುದ್ಧ ಶುರುವಾದಾಗ ಚೆಸ್ ಒಲಿಂಪಿಯಾಡ್‌ಗೆಂದು ಬ್ಯೂನಸ್ ಐರಿಸ್‌ನಲ್ಲಿ ಇದ್ದವರು. ಪತ್ರ ತಲುಪಿಸುವ ಕೆಲಸ ಮಿಲ್ನರ್-ಬ್ಯಾರಿಯ ಪಾಲಿಗೆ ಬಂತು. ಲಂಡನ್ನಿಗೆ ಹೋಗಿ, ಟ್ಯಾಕ್ಸಿ ಹಿಡಿದು, ಡೌನಿಂಗ್ ಸ್ಟ್ರೀಟಿನ ಬಾಗಿಲು ತಟ್ಟಿದರು. ಪ್ರಧಾನಿಯ ಭೇಟಿ ಸಿಗಲಿಲ್ಲ. ಅವರ ಕಾರ್ಯದರ್ಶಿಯೊಬ್ಬರು ಪತ್ರ ಇಸಿದುಕೊಂಡು, ಮುಟ್ಟಿಸುವುದಾಗಿ ಮಾತು ಕೊಟ್ಟರು.

ಇನ್ನು ಪತ್ರದಲ್ಲಿ ಇದ್ದದ್ದೇನು? ಅದನ್ನು ಮೊದಲ ಸಲ ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಅಧಿಕಾರದ ಮಾತೇ ಅದರಲ್ಲಿಲ್ಲ. ಪಂಚ್ ಕಾರ್ಡ್ ವಿಭಾಗದಲ್ಲಿ ಜನ ಸಾಲದೆ ರಾತ್ರಿಪಾಳಿ ನಿಂತುಹೋಗಿದೆ, ಇದರಿಂದ ನೌಕಾಪಡೆಯ ಸಂಕೇತಗಳನ್ನು ಕಂಡುಹಿಡಿಯುವುದು ದಿನಕ್ಕೆ ಕನಿಷ್ಠ ಹನ್ನೆರಡು ಗಂಟೆ ತಡವಾಗುತ್ತಿದೆ, ತರಬೇತಿ ಇಲ್ಲದಿದ್ದರೂ ಸರಿ, ಸುಮಾರು ಇಪ್ಪತ್ತು ಮಂದಿ ಮಹಿಳಾ ಗುಮಾಸ್ತರು ಬೇಕು. ಮಧ್ಯಪ್ರಾಚ್ಯದ ವಾಯುಪಡೆಯ ಸಂದೇಶಗಳು ಒಡೆಯದೆ ಬಿದ್ದಿವೆ, ಇರುವವರು ದಣಿದಿದ್ದಾರೆ, ಸುಮಾರು ಇಪ್ಪತ್ತು ಮಂದಿ ನುರಿತ ಟೈಪಿಸ್ಟರು ಬೇಕು. ಯಂತ್ರಗಳನ್ನು ನಡೆಸಲು ನೌಕಾದಳದ ಹುಡುಗಿಯರು ಬೇಕು. ಇಷ್ಟೇ. ಯುರೋಪು ಹೊತ್ತಿ ಉರಿಯುತ್ತಿದ್ದಾಗ ಇಪ್ಪತ್ತನೆಯ ಶತಮಾನದ ಮಹಾಮೇಧಾವಿಯೊಬ್ಬ ಬ್ರಿಟನ್ನಿನ ಪ್ರಧಾನಿಯನ್ನು ಕೇಳಿದ್ದು ಟೈಪಿಸ್ಟರನ್ನು.

ಚರ್ಚಿಲ್ ಅದರ ಮೇಲೆ ‘ಇವತ್ತೇ ಆಗಬೇಕು’ ಎಂಬರ್ಥದ ತಮ್ಮ ಪ್ರಸಿದ್ಧ ಚೀಟಿ ಅಂಟಿಸಿ, ಇವರು ಕೇಳಿದ್ದೆಲ್ಲ ಮೊದಲ ಆದ್ಯತೆಯ ಮೇಲೆ ಸಿಗಲಿ ಎಂದು ಆದೇಶಿಸಿದರು. ತಿಂಗಳೊಳಗೆ, ನವೆಂಬರ್ 18ಕ್ಕೆ, ಎಲ್ಲ ಕ್ರಮ ಕೈಗೊಳ್ಳಲಾಗುತ್ತಿದೆ ಎಂಬ ವರದಿ ಬಂತು.

ಸಿನಿಮಾ ಈ ಪತ್ರವನ್ನು ಯಾಕೆ ಬದಲಿಸಿತು ಎಂಬುದು ಊಹಿಸಲಾಗದ ವಿಷಯವೇನಲ್ಲ. ತೆರೆಯ ಮೇಲಿನ ಜೀನಿಯಸ್‌ಗೆ ಒಂದು ಅಚ್ಚು ಸಿದ್ಧವಾಗಿಬಿಟ್ಟಿದೆ. ಅವನು ಒಂಟಿ, ಒರಟ, ಇನ್ನೊಬ್ಬರ ಮನಸ್ಸು ಅರಿಯದವ, ಆದರೆ ಕೊನೆಗೆ ಗೆಲ್ಲುವುದು ಅವನೇ. ಷರ್ಲಾಕ್ ಹೋಮ್ಸ್‌ನಿಂದ ಬಂದ ಈ ಅಚ್ಚಿನಲ್ಲೇ ಡಾಕ್ಟರ್ ಹೌಸ್ ಎರಕಗೊಂಡದ್ದು, ‘ದಿ ಬಿಗ್ ಬ್ಯಾಂಗ್ ಥಿಯರಿ’ಯ ಶೆಲ್ಡನ್ ಕೂಡ ಅದೇ ಮನೆತನದವನು. ಟ್ಯೂರಿಂಗ್ ಪಾತ್ರ ಮಾಡಿದ ಬೆನೆಡಿಕ್ಟ್ ಕಂಬರ್‌ಬ್ಯಾಚ್ 2010ರಿಂದ ಬಿಬಿಸಿಯಲ್ಲಿ ಹೋಮ್ಸ್ ಆಗಿ ಮೆರೆದಿದ್ದವರು. ಟ್ಯೂರಿಂಗನಿಗೂ ಹೋಮ್ಸನ ಕೋಟನ್ನೇ ತೊಡಿಸಿದಂತಿದೆ. ನಿಜವಾದ ಟ್ಯೂರಿಂಗ್ ವಿಚಿತ್ರ ಮನುಷ್ಯನೇ. ಚಹಾದ ಮಗ್ಗನ್ನು ಯಾರೂ ಒಯ್ಯದಂತೆ ಸರಪಳಿ ಹಾಕಿ ಕಟ್ಟಿಡುತ್ತಿದ್ದ, ಹೂವಿನ ಪರಾಗದಿಂದ ಸೀನು ಬರುತ್ತದೆಂದು ಗ್ಯಾಸ್ ಮಾಸ್ಕ್ ಹಾಕಿಕೊಂಡು ಸೈಕಲ್ ತುಳಿಯುತ್ತಿದ್ದ. ಆದರೆ ಜೊತೆಗಿದ್ದವರು ಅವನನ್ನು ಅಕ್ಕರೆಯಿಂದ ‘ಪ್ರೊಫ್’ ಎಂದು ಕರೆಯುತ್ತಿದ್ದರು. (ಅವನ ತಾಯಿಯ ತಂದೆ ಎಡ್ವರ್ಡ್ ಸ್ಟೋನಿ ಮದ್ರಾಸ್ ರೈಲ್ವೆಯ ಎಂಜಿನಿಯರ್, ನಮ್ಮ ತುಂಗಭದ್ರೆಗೆ ರೈಲು ಸೇತುವೆ ಕಟ್ಟಿಸಿದವರು. ಈ ಸಂಗತಿ ಗೊತ್ತಾದ ದಿನ ನನಗಾದ ಸಂತೋಷಕ್ಕೆ ಯಾವ ತರ್ಕವೂ ಇಲ್ಲ.)

ಯಂತ್ರವೂ ಒಬ್ಬನ ತಲೆಯಿಂದ ಉದುರಿದ್ದಲ್ಲ. ಎನಿಗ್ಮಾವನ್ನು ಮೊದಲು ಒಡೆದವರು ಪೋಲೆಂಡಿನ ಮೂವರು ಗಣಿತಜ್ಞರು: ಮರಿಯನ್ ರೆಯೆವ್‌ಸ್ಕಿ, ಯೆಜಿ ರುಜಿಟ್ಸ್‌ಕಿ, ಹೆನ್ರಿಕ್ ಜಿಗಾಲ್‌ಸ್ಕಿ. ರೆಯೆವ್‌ಸ್ಕಿ ಅದರ ಒಳಗಿನ ತಂತಿಜೋಡಣೆಯನ್ನು 1932ರಲ್ಲೇ ಲೆಕ್ಕಹಾಕಿ ಕಂಡುಕೊಂಡಿದ್ದ. 1939ರ ಜುಲೈನಲ್ಲಿ, ತಮ್ಮ ದೇಶ ಮುಳುಗಲು ಐದಾರು ವಾರವಿದ್ದಾಗ, ಪೋಲಿಷರು ವಾರ್ಸಾ ಹತ್ತಿರದ ಪೀರಿಯಲ್ಲಿ ಬ್ರಿಟಿಷರನ್ನೂ ಫ್ರೆಂಚರನ್ನೂ ಕರೆದು ತಮಗೆ ಗೊತ್ತಿದ್ದನ್ನೆಲ್ಲ ಧಾರೆ ಎರೆದರು. ಅಲ್ಲಿಗೆ ಹೋಗಿದ್ದ ಬ್ರಿಟಿಷರಲ್ಲಿ ಒಬ್ಬರು ಡೆನಿಸ್ಟನ್. ಚಿತ್ರದಲ್ಲಿ ಬಾಗಿಲು ಮುಚ್ಚುವ ಅದೇ ಅಧಿಕಾರಿ.

ಎನಿಗ್ಮಾದಲ್ಲಿ ಸಾಧ್ಯವಿದ್ದ ಜೋಡಣೆಗಳನ್ನು ಎಣಿಸಿದರೆ 159ರ ಮುಂದೆ 18 ಸೊನ್ನೆ. ಆದರೆ ಅದಕ್ಕೊಂದು ದೌರ್ಬಲ್ಯವಿತ್ತು. ಯಾವ ಅಕ್ಷರವೂ ಅದರಲ್ಲಿ ಅದೇ ಅಕ್ಷರವಾಗಿ ಹೊರಬರುತ್ತಿರಲಿಲ್ಲ. ಸಂದೇಶದಲ್ಲಿ ಹವಾಮಾನದ ಬಗ್ಗೆ ಇಂಥ ಪದ ಇದ್ದೇ ಇರುತ್ತದೆ ಎಂದು ಊಹಿಸಿ ಪಕ್ಕದಲ್ಲಿಟ್ಟು ನೋಡಿದರೆ, ಅದು ಎಲ್ಲಿ ಇರಲಾರದು ಎಂಬುದು ತಿಳಿಯುತ್ತಿತ್ತು. ಉಳಿದ ಊಹೆಯನ್ನು ಯಂತ್ರಕ್ಕೆ ಕೊಟ್ಟರೆ ಅದು ಒಂದೊಂದೇ ಜೋಡಣೆಯನ್ನು ಹಿಡಿದು, ವಿರೋಧ ಕಂಡಲ್ಲಿ ತಳ್ಳಿಹಾಕುತ್ತ ಸಾಗುತ್ತಿತ್ತು. ಟ್ಯೂರಿಂಗನ ದೊಡ್ಡ ಹೊಳಹು ಇದು. ಚಿತ್ರದಲ್ಲಿ ಈ ಊಹಾಪದದ ಉಪಾಯ ಪಬ್ಬಿನಲ್ಲಿ ಹುಡುಗಿಯೊಬ್ಬಳ ಮಾತು ಕೇಳಿ ದಿಢೀರನೆ ಹೊಳೆಯುತ್ತದೆ. ವಾಸ್ತವದಲ್ಲಿ ಯಂತ್ರವನ್ನು ರೂಪಿಸಿದ್ದೇ ಆ ಉಪಾಯಕ್ಕಾಗಿ. ಮೊದಲ ಯಂತ್ರ 1940ರ ಮಾರ್ಚಿನಲ್ಲಿ ಬಂತು. ವೆಲ್ಚ್‌ಮನ್ ಸೂಚಿಸಿದ ಒಂದು ತಂತಿಫಲಕ ಸೇರಿದ ಮೇಲೆ ಅದಕ್ಕೆ ವೇಗ ಬಂತು. ವಿನ್ಯಾಸವನ್ನು ಕಬ್ಬಿಣ, ತಂತಿಗಳಿಗೆ ಇಳಿಸಿದವನು ಲೆಚ್‌ವರ್ತ್‌ನ ಕಾರ್ಖಾನೆಯ ಎಂಜಿನಿಯರ್ ಹೆರಾಲ್ಡ್ ಕೀನ್. ಚಿತ್ರದಲ್ಲಿ ವೆಲ್ಚ್‌ಮನ್ ಇಲ್ಲ, ಕೀನ್ ಇಲ್ಲ, ಪೋಲಿಷರಿಗೆ ಸಿಕ್ಕಿದ್ದು ಒಂದು ಮಾತು.

ಇಷ್ಟನ್ನೂ ಸಿನಿಮಾದ ಸಲಿಗೆ ಎಂದು ಬಿಟ್ಟುಬಿಡಬಹುದು. ಬಿಡಲಾಗದ್ದು ಇನ್ನೊಂದಿದೆ. ಜಾನ್ ಕೇರ್ನ್‌ಕ್ರಾಸ್ ಎಂಬ ಸೋವಿಯತ್ ಗೂಢಚಾರನನ್ನು ಚಿತ್ರ ಟ್ಯೂರಿಂಗನ ತಂಡಕ್ಕೇ ತಂದು ಕೂರಿಸುತ್ತದೆ. ಅವನು ಟ್ಯೂರಿಂಗನ ಸಲಿಂಗಪ್ರೇಮದ ಗುಟ್ಟು ಹಿಡಿದು ಬೆದರಿಸುತ್ತಾನೆ, ಟ್ಯೂರಿಂಗ್ ಹೆದರಿ ಬಾಯಿ ಮುಚ್ಚಿಕೊಳ್ಳುತ್ತಾನೆ. ಕೇರ್ನ್‌ಕ್ರಾಸ್ ಬ್ಲೆಚ್ಲಿಯಲ್ಲಿ ಇದ್ದದ್ದು ಹೌದು, ಆದರೆ ಬೇರೆ ವಿಭಾಗದಲ್ಲಿ. ಈ ಬೆದರಿಕೆ ಶುದ್ಧ ಕಟ್ಟುಕತೆ. ಸಲಿಂಗಿಗಳು ದೇಶದ ಗುಟ್ಟು ಕಾಯಲಾರರು ಎಂಬುದು ಆ ಕಾಲದ ಬ್ರಿಟನ್ನಿನಲ್ಲಿ ಅವರ ಮೇಲಿದ್ದ ಗುಮಾನಿ. ಟ್ಯೂರಿಂಗನಿಗೆ ನ್ಯಾಯ ಕೊಡಿಸಲು ಹೊರಟ ಚಿತ್ರ ಅದೇ ಗುಮಾನಿಯನ್ನು ಅವನ ಹಣೆಗೆ ಅಂಟಿಸಿದೆ.

1952ರ ಮಾರ್ಚ್ 31ರಂದು ಅವನಿಗೆ ಶಿಕ್ಷೆಯಾಯಿತು. ಜೈಲಿನ ಬದಲು ಒಂದು ವರ್ಷ ಹಾರ್ಮೋನ್ ಚಿಕಿತ್ಸೆ. ಚಿತ್ರದ ಟ್ಯೂರಿಂಗ್ ಕೈ ನಡುಗುತ್ತ, ಪದಬಂಧವನ್ನೂ ಬಿಡಿಸಲಾರದೆ, ಮನೆಯಲ್ಲಿಟ್ಟ ಯಂತ್ರವನ್ನು ಬಿಟ್ಟಿರಲಾರದೆ ಅಳುತ್ತಾನೆ. ನಾನು ಕಣ್ಣೊರೆಸಿಕೊಂಡದ್ದು ಅಲ್ಲೇ. ಅಂಥ ಯಂತ್ರ ಅವನ ಮನೆಯಲ್ಲಿ ಇರಲಿಲ್ಲ. ಆ ವರ್ಷಗಳಲ್ಲಿ ಅವನು ಮ್ಯಾಂಚೆಸ್ಟರಿನಲ್ಲಿ ಪ್ರಾಣಿಗಳ ಮೈಮೇಲೆ ಚುಕ್ಕೆ ಪಟ್ಟೆಗಳು ಹೇಗೆ ಮೂಡುತ್ತವೆ ಎಂಬುದರ ಗಣಿತದಲ್ಲಿ ಮುಳುಗಿದ್ದ. 1952ರಲ್ಲೇ ಪ್ರಕಟವಾದ ಆ ಪ್ರಬಂಧವನ್ನು ಜೀವವಿಜ್ಞಾನಿಗಳು ಇಂದಿಗೂ ಓದುತ್ತಾರೆ. ಚಿಕಿತ್ಸೆ ಮುಗಿದು ಒಂದು ವರ್ಷ ಕಳೆದ ಮೇಲೆ, 1954ರ ಜೂನ್ 7ರಂದು, ಸಯನೈಡಿನಿಂದ ಸತ್ತ. ಆತ್ಮಹತ್ಯೆ ಎಂದಿತು ವಿಚಾರಣೆ. ತಾಯಿ ಸಾರಾ ಅದನ್ನು ಕೊನೆವರೆಗೂ ಒಪ್ಪಲಿಲ್ಲ.

ನನ್ನ ಚಿಕ್ಕಮ್ಮ ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದರು. ಆ ನಾಲ್ವರ ಪತ್ರ ನನಗೆ ತಟ್ಟಲು ಅದೂ ಒಂದು ಕಾರಣವಿರಬೇಕು. ಬ್ಲೆಚ್ಲಿಯಲ್ಲಿ ದುಡಿದವರಲ್ಲಿ ಸುಮಾರು ಮುಕ್ಕಾಲು ಪಾಲು ಹೆಂಗಸರು. ಚಿತ್ರದಲ್ಲಿ ಕೀರಾ ನೈಟ್ಲಿ ಆಗಿ ಬರುವ ಜೋನ್ ಕ್ಲಾರ್ಕ್ ಕೇಂಬ್ರಿಜ್‌ನಲ್ಲಿ ಗಣಿತದಲ್ಲಿ ಮೊದಲ ದರ್ಜೆ ಪಡೆದಾಕೆ, ಆದರೂ ಸೇರಿದ್ದು ಗುಮಾಸ್ತೆಯ ದರ್ಜೆಯಲ್ಲಿ. ಮುಂದೆ ಸಂಬಳ ಏರಿಸಲು ದಾರಿ ಕಾಣದೆ ಆಕೆಯನ್ನು ‘ಭಾಷಾತಜ್ಞೆ’ ಎಂದು ಬರೆದುಕೊಂಡರು. ಹಾಗಾಗಿ ಆಕೆ ಒಂದು ಫಾರಂನಲ್ಲಿ ಹುದ್ದೆ ಭಾಷಾತಜ್ಞೆ, ಗೊತ್ತಿರುವ ಭಾಷೆಗಳು ಯಾವುವೂ ಇಲ್ಲ ಎಂದು ತುಂಬಿ ಖುಷಿಪಟ್ಟರಂತೆ.

ಯಂತ್ರಗಳ ಮುಂದೆ ನಿಂತ ನೌಕಾದಳದ ಹುಡುಗಿಯರಿಗೆ ತಾವು ಏನು ಒಡೆಯುತ್ತಿದ್ದೇವೆ ಎಂಬುದನ್ನು ಯಾರೂ ಹೇಳಿರಲಿಲ್ಲ. ಎಂಟು ಗಂಟೆಯ ಪಾಳಿ, ಕಿವಿ ತುಂಬುವ ಸದ್ದು, ಕೈಗೆ ಎಣ್ಣೆ. ಯಂತ್ರ ನಿಂತಾಗ ಅದು ತೋರಿಸಿದ್ದನ್ನು ಬರೆದುಕೊಂಡು ಫೋನಿನಲ್ಲಿ ಹೇಳಿ, ಮತ್ತೆ ಚಾಲೂ ಮಾಡುತ್ತಿದ್ದರು. ಈ ಗುಟ್ಟು ಸಾರ್ವಜನಿಕವಾದದ್ದು 1974ರಲ್ಲಿ. ಅಲ್ಲಿಯವರೆಗೆ ಅವರು ಗಂಡನಿಗೂ ಮಕ್ಕಳಿಗೂ ಹೇಳಿದ್ದು ಒಂದೇ ಮಾತು: ಯುದ್ಧದ ಕಾಲದಲ್ಲಿ ಕಚೇರಿ ಕೆಲಸ ಮಾಡುತ್ತಿದ್ದೆ.