ಬಾಗಿಲು ತಟ್ಟಲು ಕಲಿತ ಬೋಧಕರು

ಪೆಂತೆಕೋಸ್ತ್ ಹಬ್ಬದ ಮರುಭಾನುವಾರ ನಾವು ಪರಮ ತ್ರಿತ್ವದ ಮಹೋತ್ಸವವನ್ನು ಆಚರಿಸುತ್ತೇವೆ. ಪಿತ, ಸುತ, ಪವಿತ್ರಾತ್ಮ ಎಂಬ ಮೂವರಲ್ಲಿ ಒಬ್ಬನೇ ದೇವರನ್ನು ಆರಾಧಿಸುವವರು ನಾವು. ಬೆಳಿಗ್ಗೆ ಏಳುವಾಗ, ಊಟಕ್ಕೆ ಕೂರುವಾಗ, ರಾತ್ರಿ ಮಲಗುವಾಗ ಶಿಲುಬೆಯ ಗುರುತು ಹಾಕಿ ಈ ವಿಶ್ವಾಸವನ್ನು ಸಾರುತ್ತೇವೆ. ಇಂತಹ ಹಬ್ಬದಂದು, ತ್ರಿತ್ವವನ್ನೇ ಒಪ್ಪದ ಒಂದು ಪಂಗಡದ ಚರಿತ್ರೆಯನ್ನು ನಿಮ್ಮ ಮುಂದಿಡುವುದು ವಿಚಿತ್ರವೆನಿಸಬಹುದು. ಆದರೂ ದಯವಿಟ್ಟು ಕೊನೆಯವರೆಗೆ ಓದಿರಿ. ಈ ಚರಿತ್ರೆ ನಮ್ಮದೇ ಕನ್ನಡ ನೆಲದ ಒಬ್ಬ ಮಗನವರೆಗೂ ಬಂದು ಮುಟ್ಟುತ್ತದೆ.

ಆ ಪಂಗಡದ ಹೆಸರು ಯೂನಿಟೇರಿಯನ್. ದೇವರು ಒಬ್ಬನೇ ವ್ಯಕ್ತಿ, ಯೇಸು ದೇವರಿಂದ ಬಂದ ಮಹಾಗುರು, ಆದರೆ ದೇವರಲ್ಲ ಎಂಬುದು ಅವರ ನಿಲುವಾಗಿತ್ತು. ಇದನ್ನು ಧರ್ಮಸಭೆ ಎಂದೂ ಒಪ್ಪಿಲ್ಲ, ಒಪ್ಪುವಂತೆಯೂ ಇಲ್ಲ. ಆದರೆ ಒಂದು ವಿಷಯದಲ್ಲಿ ಅವರೂ ನಮ್ಮವರೂ ಒಂದೇ ಕಷ್ಟವನ್ನು ಅನುಭವಿಸಿದ್ದರು. ಇಂಗ್ಲೆಂಡಿನಲ್ಲಿ ರಾಜಧರ್ಮಕ್ಕೆ ಸೇರದವರಿಗೆ ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೂ ಆಕ್ಸ್‌ಫರ್ಡಿನಲ್ಲಿ ಪದವಿ ಸಿಗುತ್ತಿರಲಿಲ್ಲ. ಕಥೋಲಿಕರಿಗೂ ಇಲ್ಲ, ಯೂನಿಟೇರಿಯನ್ನರಿಗೂ ಇಲ್ಲ. ಹೀಗಾಗಿ ತಮ್ಮ ಬೋಧಕರನ್ನು ತಾವೇ ತಯಾರು ಮಾಡುವುದು ಅವರಿಗೆ ಅನಿವಾರ್ಯವಾಯಿತು. 1786ರಲ್ಲಿ ಮ್ಯಾಂಚೆಸ್ಟರ್ ನಗರದಲ್ಲಿ ಇವರ ಪೂರ್ವಜರು ಒಂದು ವಿದ್ಯಾಲಯವನ್ನು ತೆರೆದರು. ಅದು ಯಾರ್ಕ್‌ಗೆ ಹೋಗಿ, ಮತ್ತೆ ಮ್ಯಾಂಚೆಸ್ಟರಿಗೆ ಬಂದು, ಲಂಡನ್ನಿನಲ್ಲಿ ನೆಲೆಸಿ, ಕೊನೆಗೆ 1889ರಲ್ಲಿ ಆಕ್ಸ್‌ಫರ್ಡಿಗೇ ಬಂದು ಸೇರಿತು. ಬಾಗಿಲು ಮುಚ್ಚಿದ್ದ ಊರಿನಲ್ಲೇ ಅದಕ್ಕೆ ಜಾಗ ಸಿಕ್ಕಿತು.

ಆ ವಿದ್ಯಾಲಯದಲ್ಲಿ ಪವಿತ್ರ ಗ್ರಂಥ, ಗ್ರೀಕ್, ಹೀಬ್ರೂ, ತತ್ವಶಾಸ್ತ್ರ ಎಲ್ಲವನ್ನೂ ಚೆನ್ನಾಗಿ ಕಲಿಸುತ್ತಿದ್ದರು. ಕಲಿತ ಬೋಧಕರ ಪ್ರಸಂಗಗಳು ವಿದ್ವತ್ಪೂರ್ಣವಾಗಿರುತ್ತಿದ್ದವು. ಆದರೆ ಕೇಳುವವರು ಯಾರು? ಆಗಿನ ಅನೇಕ ದೇವಾಲಯಗಳಲ್ಲಿ ಕೂರುವ ಆಸನಕ್ಕೆ ಕುಟುಂಬಗಳು ಬಾಡಿಗೆ ಕೊಡಬೇಕಿತ್ತು. ಬಾಡಿಗೆ ಕೊಡಲಾಗದ ಬಡವನು ಹಿಂದೆ ನಿಲ್ಲಬೇಕು, ಇಲ್ಲವೇ ಮನೆಯಲ್ಲಿ ಉಳಿಯಬೇಕು. ಗಿರಣಿ ಕೂಲಿಗಳ ಕೇರಿಗೆ ಪ್ರಸಂಗದ ಒಂದು ಮಾತೂ ತಲುಪುತ್ತಿರಲಿಲ್ಲ.

ಈ ಕೊರತೆಯನ್ನು ಮೊದಲು ಮನಗಂಡವರಲ್ಲಿ ಒಬ್ಬರು ಅಮೆರಿಕದ ಬಾಸ್ಟನ್ ನಗರದ ಜೋಸೆಫ್ ಟಕರ್ಮನ್. ಇವರು ಹತ್ತಿರದ ಚೆಲ್ಸಿ ಎಂಬ ಊರಿನಲ್ಲಿ 25 ವರ್ಷ ಬೋಧಕರಾಗಿದ್ದವರು. ಆರೋಗ್ಯ ಕೆಟ್ಟು ಅಲ್ಲಿನ ಸೇವೆಯನ್ನು ಬಿಡಬೇಕಾಯಿತು. ಆದರೂ ಅವರು ಮನೆಯಲ್ಲಿ ಸುಮ್ಮನೆ ಕೂರಲಿಲ್ಲ. 1826ರಲ್ಲಿ ಬಾಸ್ಟನ್ನಿಗೆ ಬಂದು, ಯಾವ ದೇವಾಲಯಕ್ಕೂ ಸೇರದ ಬಡವರ ಮನೆಗಳಿಗೆ ಒಂದೊಂದಾಗಿ ಹೋಗತೊಡಗಿದರು. ಮನೆಯವರ ಕೂಲಿ ಎಷ್ಟು, ಬಾಡಿಗೆ ಎಷ್ಟು, ಮಕ್ಕಳು ಶಾಲೆಗೆ ಹೋಗುತ್ತಾರೆಯೇ, ಕುಡಿತದಿಂದ ಮನೆ ಹಾಳಾಗುತ್ತಿದೆಯೇ ಎಂದು ಕೇಳಿ, ತಿಳಿದದ್ದನ್ನು ತಮ್ಮ ಸಂಘಕ್ಕೆ ವರದಿ ಮಾಡುತ್ತಿದ್ದರು. ಬಡವನಿಗೆ ದುಡ್ಡಿಗಿಂತ ಮೊದಲು ಒಬ್ಬ ಗೆಳೆಯ ಬೇಕು ಎಂಬುದು ಅವರ ನಂಬಿಕೆಯಾಗಿತ್ತು. ಆಸನದ ಬಾಡಿಗೆ ಇಲ್ಲದ ಒಂದು ಪ್ರಾರ್ಥನಾಲಯವೂ ಆರಂಭವಾಯಿತು. ಕಿರಿಯ ಬೋಧಕರು ಅವರ ಜೊತೆ ಸೇರಿ, ಅವರೊಡನೆ ಕೇರಿ ಸುತ್ತಿ ಕೆಲಸ ಕಲಿತರು. ಹಾಗೆ ಕಲಿತವರಲ್ಲಿ ಇಬ್ಬರಿಗೆ 1834ರಲ್ಲಿ ಇದೇ ಸೇವೆಗಾಗಿ ದೀಕ್ಷೆ ಕೊಡಲಾಯಿತು.

1833ರಲ್ಲಿ ಟಕರ್ಮನ್ ಇಂಗ್ಲೆಂಡಿಗೆ ಹೋದರು. ಬ್ರಿಸ್ಟಲ್ ನಗರದಲ್ಲಿ ಯೂನಿಟೇರಿಯನ್ ಬೋಧಕರೊಬ್ಬರ ಮಗಳು ಮೇರಿ ಕಾರ್ಪೆಂಟರ್ ಅವರ ಜೊತೆ ಬೀದಿಯಲ್ಲಿ ನಡೆಯುತ್ತಿದ್ದಾಗ, ಹರಕು ಬಟ್ಟೆಯ ಹುಡುಗನೊಬ್ಬ ಅವರೆದುರು ಓಡಿಹೋದ. ಆ ಮಗುವಿನ ಹಿಂದೆಯೇ ಅವನ ಮನೆಯವರೆಗೂ ಹೋಗಿ ವಿಚಾರಿಸಬೇಕು ಎಂದು ಟಕರ್ಮನ್ ಹೇಳಿದರು. ಆ ಮಾತು ಆಕೆಯ ಮನಸ್ಸಿನಲ್ಲಿ ನಾಟಿತು. ಮೇರಿ ದೀಕ್ಷೆ ಪಡೆದ ಬೋಧಕಿಯಲ್ಲ. ಶಾಲೆ ನಡೆಸುತ್ತಿದ್ದ ಒಬ್ಬ ಸಾಮಾನ್ಯ ವಿಶ್ವಾಸಿ. 1835ರಲ್ಲಿ ಅವರು ಬಡವರ ಮನೆಗಳಿಗೆ ಭೇಟಿ ಕೊಡುವ ಸಂಘವೊಂದನ್ನು ಕಟ್ಟಿದರು. 1846ರಲ್ಲಿ ಚಿಂದಿ ತೊಟ್ಟ ಮಕ್ಕಳಿಗಾಗಿ ಶಾಲೆ ತೆರೆದರು. ತಪ್ಪು ಮಾಡಿದ ಮಕ್ಕಳನ್ನು ಜೈಲಿಗೆ ತಳ್ಳುವ ಬದಲು ತಿದ್ದಿ ಬೆಳೆಸುವ ಮನೆಗಳನ್ನು 1852 ಮತ್ತು 1854ರಲ್ಲಿ ಸ್ಥಾಪಿಸಿದರು. 1866ರಿಂದ ನಾಲ್ಕು ಬಾರಿ ಭಾರತಕ್ಕೂ ಬಂದು ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಶ್ರಮಿಸಿದರು.

ಅತ್ತ ಮ್ಯಾಂಚೆಸ್ಟರಿನಲ್ಲಿ 1854ರಲ್ಲಿ ಹೊಸದೊಂದು ತರಬೇತಿ ಸಂಸ್ಥೆ ಆರಂಭವಾಯಿತು. ದೊಡ್ಡ ವಿದ್ಯಾಲಯಕ್ಕೆ ಹೋಗಲು ಹಣವಿಲ್ಲದ ಯುವಕರಿಗೆ ಇಲ್ಲಿ ಪ್ರಸಂಗ ಮಾಡುವುದನ್ನೂ ಬಡವರ ನಡುವೆ ಸೇವೆ ಮಾಡುವುದನ್ನೂ ಒಟ್ಟಿಗೆ ಕಲಿಸಲಾಗುತ್ತಿತ್ತು. ಪಾಠ ಹೇಳುತ್ತಿದ್ದವರಲ್ಲಿ ಒಬ್ಬರು ವಿಲಿಯಂ ಗ್ಯಾಸ್ಕೆಲ್. ಗಿರಣಿ ಕಾರ್ಮಿಕರ ಬಾಳನ್ನು ಕಾದಂಬರಿಯಾಗಿ ಬರೆದ ಎಲಿಜಬೆತ್ ಗ್ಯಾಸ್ಕೆಲ್ ಅವರ ಪತಿ ಇವರು.

ಈಗ ನಮ್ಮ ನಾಡಿಗೆ ಬರೋಣ. ಮೇರಿ ಕಾರ್ಪೆಂಟರ್ ಅವರ ಸೋದರಳಿಯ ಎಸ್ಟ್ಲಿನ್ ಕಾರ್ಪೆಂಟರ್ ಆಕ್ಸ್‌ಫರ್ಡಿನ ಅದೇ ಮ್ಯಾಂಚೆಸ್ಟರ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಪಾಳಿ ಭಾಷೆಯನ್ನೂ ಜಗತ್ತಿನ ಧರ್ಮಗಳನ್ನೂ ಆಳವಾಗಿ ಬಲ್ಲವರು. 1901ರಲ್ಲಿ ಅಲ್ಲಿಗೆ ಭಾರತದಿಂದ ಒಬ್ಬ ವಿದ್ಯಾರ್ಥಿ ಬಂದರು. ಅವರೇ ವಿಠ್ಠಲ ರಾಮಜಿ ಶಿಂದೆ. 1873ರಲ್ಲಿ ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಹುಟ್ಟಿದ ಮರಾಠಾ ಕುಟುಂಬದವರು. ಅವರು ಕ್ರೈಸ್ತರಾಗಲಿಲ್ಲ. ಮುಂಬಯಿಯ ಪ್ರಾರ್ಥನಾ ಸಮಾಜದ ಪ್ರಚಾರಕರಾಗಲೆಂದು ಯೂನಿಟೇರಿಯನ್ನರ ವಿದ್ಯಾರ್ಥಿವೇತನದಲ್ಲಿ ತರಬೇತಿಗೆ ಹೋದವರು.

1903ರಲ್ಲಿ ಹಿಂದಿರುಗಿದ ಶಿಂದೆಯವರು ಪ್ರಾರ್ಥನಾ ಮಂದಿರದಲ್ಲಿ ಉಪನ್ಯಾಸ ಮಾಡಿ ನೆಮ್ಮದಿಯಾಗಿ ಇರಬಹುದಿತ್ತು. ಆದರೆ ಅವರು ಅಸ್ಪೃಶ್ಯರೆಂದು ಊರಾಚೆ ಇಟ್ಟವರ ಕೇರಿಗಳಿಗೆ ಹೋದರು. 1906ರ ಅಕ್ಟೋಬರ್ 18ರಂದು ಮುಂಬಯಿಯಲ್ಲಿ ಶೋಷಿತ ವರ್ಗಗಳ ಸೇವಾಸಂಸ್ಥೆಯಾದ ‘ಡಿಪ್ರೆಸ್ಡ್ ಕ್ಲಾಸಸ್ ಮಿಷನ್’ ಅನ್ನು ಸ್ಥಾಪಿಸಿ, ಆ ಮಕ್ಕಳಿಗಾಗಿ ಶಾಲೆ ತೆರೆದರು. ಅದರ ಅಧ್ಯಕ್ಷರಾಗಿ ನಿಂತವರು ನಮ್ಮ ಹೊನ್ನಾವರದಲ್ಲಿ ಹುಟ್ಟಿದ ನ್ಯಾಯಮೂರ್ತಿ ನಾರಾಯಣ ಚಂದಾವರ್ಕರ್. ಶಿಂದೆಯವರ ಸಹೋದರಿ ಜನಾಬಾಯಿಯೂ ಈ ಸೇವೆಗೆ ಕೈಜೋಡಿಸಿದರು. ಮಂಗಳೂರಿನಲ್ಲಿ ಇದಕ್ಕೂ ಮೊದಲೇ ಬ್ರಹ್ಮಸಮಾಜದ ಕುದ್ಮುಲ್ ರಂಗರಾಯರು ಅದೇ ಬಗೆಯ ಶಾಲೆಗಳನ್ನು ಆರಂಭಿಸಿ ತಮ್ಮವರಿಂದಲೇ ಬಹಿಷ್ಕಾರ ಅನುಭವಿಸಿದ್ದರು ಎಂಬುದನ್ನೂ ನಾವು ನೆನೆಯಬೇಕು.

ಬಾಸ್ಟನ್ನಿನ ಒಬ್ಬ ಅಸ್ವಸ್ಥ ಬೋಧಕ, ಬ್ರಿಸ್ಟಲ್ಲಿನ ಒಬ್ಬ ಶಿಕ್ಷಕಿ, ಆಕ್ಸ್‌ಫರ್ಡಿನ ಒಬ್ಬ ಪ್ರಾಧ್ಯಾಪಕ, ಜಮಖಂಡಿಯ ಒಬ್ಬ ಯುವಕ. ಇವರ ವಿಶ್ವಾಸ ನಮ್ಮದಲ್ಲ. ಆದರೆ ಬೋಧಕನ ತರಬೇತಿ ಪುಸ್ತಕದಲ್ಲಿ ಆರಂಭವಾದರೂ ಬಡವನ ಹೊಸ್ತಿಲಲ್ಲಿ ಪೂರ್ಣವಾಗುತ್ತದೆ ಎಂಬುದನ್ನು ಇವರ ಬಾಳು ತೋರಿಸುತ್ತದೆ.

ಹಾಗಾದರೆ ನಮ್ಮ ಧರ್ಮಸಭೆಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಟ್ರೆಂಟ್ ಮಹಾಸಭೆ 1563ರಲ್ಲೇ ಪ್ರತಿ ಧರ್ಮಪ್ರಾಂತ್ಯಕ್ಕೂ ಗುರುಮಠ ಬೇಕೆಂದು ವಿಧಿಸಿತು. ಟಕರ್ಮನ್ ಇಂಗ್ಲೆಂಡಿಗೆ ಹೋದ ಅದೇ 1833ರಲ್ಲಿ, ಪ್ಯಾರಿಸ್ಸಿನಲ್ಲಿ 20 ವರ್ಷದ ವಿದ್ಯಾರ್ಥಿ ಫ್ರೆಡರಿಕ್ ಓಜಾನಾಮ್ ಮತ್ತು ಗೆಳೆಯರು ಧರ್ಮದ ಬಗ್ಗೆ ಚರ್ಚೆ ನಡೆಸುತ್ತಿದ್ದರು. ನಿಮ್ಮ ಧರ್ಮಸಭೆ ಇಂದು ಬಡವರಿಗಾಗಿ ಏನು ಮಾಡುತ್ತಿದೆ ಎಂಬ ಸವಾಲು ಅವರಿಗೆ ಎದುರಾಯಿತು. ಅವರು ವಾದವನ್ನು ಬಿಟ್ಟು, ಕನ್ಯಾಸ್ತ್ರೀ ರೊಸಾಲಿ ರೆಂಡು ಅವರ ಬಳಿ ಹೋದರು. ಯಾವ ಮನೆಗೆ ಹೋಗಬೇಕು, ಹೇಗೆ ಮಾತಾಡಬೇಕು ಎಂಬುದನ್ನು ಆ ತಾಯಿಯೇ ಕಲಿಸಿಕೊಟ್ಟರು. ಹೀಗೆ ಹುಟ್ಟಿದ್ದು ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿರುವ ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆ. ಓಜಾನಾಮ್‌ರನ್ನು 1997ರಲ್ಲಿಯೂ ರೊಸಾಲಿಯವರನ್ನು 2003ರಲ್ಲಿಯೂ ಧರ್ಮಸಭೆ ಪುನೀತರೆಂದು ಘೋಷಿಸಿತು.

ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಶ್ರೀಸಾಮಾನ್ಯರ ಪ್ರೇಷಿತಕಾರ್ಯದ ಬಗ್ಗೆ ನೀಡಿದ ಆಜ್ಞಾಪತ್ರದಲ್ಲಿ ಅವರ ತರಬೇತಿಗೆಂದೇ ಒಂದು ಅಧ್ಯಾಯವಿದೆ. ಜಗದ್ಗುರು ಫ್ರಾನ್ಸಿಸ್‌ರು 2013ರಲ್ಲಿ ಗುರುಗಳ ಪ್ರಬೋಧನೆಯ ಬಗ್ಗೆ ವಿವರವಾಗಿ ಬರೆಯುತ್ತಾ, ಬೋಧಿಸುವವನು ದೇವವಾಕ್ಯಕ್ಕೆ ಕಿವಿಗೊಡುವಂತೆಯೇ ಜನರಿಗೂ ಕಿವಿಗೊಡಬೇಕೆಂದು ತಿಳಿಸಿದರು. 2021ರಲ್ಲಿ ಅವರೇ ಶ್ರೀಸಾಮಾನ್ಯ ಉಪದೇಶಿಗಳ ಸೇವೆಯನ್ನು ಧರ್ಮಸಭೆಯ ಅಧಿಕೃತ ಸೇವೆಯಾಗಿ ಸ್ಥಾಪಿಸಿದರು.

ಬಲಿಪೂಜೆಯ ಪ್ರಬೋಧನೆ ದೀಕ್ಷೆ ಪಡೆದವರಿಗೆ ಮೀಸಲು. ಆದರೆ ಜಪಮಾಲೆಗೆ ಸೇರಿದ ಮನೆಯಲ್ಲಿ, ಮಕ್ಕಳ ಧರ್ಮೋಪದೇಶದ ತರಗತಿಯಲ್ಲಿ, ಕಿರು ಸಮುದಾಯದ ಕೂಟದಲ್ಲಿ ಮಾತನಾಡುವುದು ನಾವೇ ಅಲ್ಲವೇ? ಅಲ್ಲಿ ಮಾತನಾಡಲು ನಾವು ಎಷ್ಟು ತಯಾರಾಗಿದ್ದೇವೆ? ಭಾನುವಾರ ಗುರುಗಳ ಪ್ರಬೋಧನೆ ಉದ್ದವಾಯಿತು, ಗಿಡ್ಡವಾಯಿತು ಎಂದು ಊಟದ ಹೊತ್ತಿಗೆ ಮಾತಾಡಿಕೊಳ್ಳುವ ನಾವು, ಕಳೆದ ವರ್ಷ ನಮ್ಮ ಬೀದಿಯ ಯಾವ ದುಃಖಿಯ ಬಾಗಿಲನ್ನು ತಟ್ಟಿದ್ದೇವೆ? ಪೂಜೆಗೆ ಬರುವುದನ್ನು ನಿಲ್ಲಿಸಿದ ಯಾವ ಮನೆಯವರನ್ನು ಏಕೆಂದು ಕೇಳಿದ್ದೇವೆ? ಬಾಡಿಗೆ ಆಸನಗಳು ನಮ್ಮ ದೇವಾಲಯದಲ್ಲಿ ಇಲ್ಲ. ಆದರೆ ಮುಂದಿನ ಸಾಲು ಯಾರದು, ಹಿಂದಿನ ಸಾಲು ಯಾರದು ಎಂಬ ಲೆಕ್ಕ ನಮ್ಮ ಮನಸ್ಸಿನಲ್ಲಿ ಇಲ್ಲವೇ?

ತ್ರಿತ್ವದ ರಹಸ್ಯವೆಂದರೆ ತನ್ನೊಳಗೇ ಉಳಿಯದೆ ಹೊರಗೆ ಹರಿಯುವ ಪ್ರೀತಿ. ಪಿತನು ಸುತನನ್ನು ಕಳುಹಿಸಿದರು. ಸುತನು ಪವಿತ್ರಾತ್ಮರನ್ನು ಧಾರೆಯೆರೆದು ಶಿಷ್ಯರನ್ನು ಕಳುಹಿಸಿದರು. ಅವರ ನಾಮದಲ್ಲಿಯೇ ನಾವು ಸ್ನಾನದೀಕ್ಷೆ ಪಡೆದಿದ್ದೇವೆ. ಹೀಗಿರುವಾಗ ತ್ರಿತ್ವವನ್ನು ಅರಿಯದವರು ನಡೆದ ದಾರಿಯಲ್ಲಿ ತ್ರಿತ್ವವನ್ನು ಆರಾಧಿಸುವ ನಾವು ಹಿಂದೆ ಬೀಳಬಾರದು. ಈ ಹಬ್ಬದ ಪೂಜೆ ಮುಗಿದು, ಶಿಲುಬೆಯ ಗುರುತು ಹಾಕಿ ದೇವಾಲಯದಿಂದ ಹೊರಬರುವ ಪ್ರತಿ ಕುಟುಂಬವೂ ಆ ವಾರದೊಳಗೆ ಒಂದು ಮನೆಯ ಬಾಗಿಲನ್ನಾದರೂ ತಟ್ಟಲಿ. ನಮ್ಮ ವಿಶ್ವಾಸದ ಪ್ರಬೋಧನೆಯನ್ನು ಆ ಮನೆಯವರು ಅಲ್ಲಿಯೇ ಕೇಳುವಂತಾಗಲಿ.